ಕೀಲಿ ತಿರುಗಿಸುವ ಮುನ್ನ ಐದು ನಿಮಿಷ: ಹೊಸ ಬೈಕ್ ಸವಾರರಿಗೆ ಮಾಹಿತಿ

ಮಧುಗಿರಿ: ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೈಕ್ ಸಾಮಾನ್ಯವಾಗಿ ಒಬ್ಬರದಲ್ಲ, ಇಡೀ ಮನೆಯದು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್ ಹೊತ್ತ ವಾಹನವೇ ಬಳಿಕ ತೋಟಕ್ಕೆ ಗೊಬ್ಬರದ ಮೂಟೆ ಸಾಗಿಸುತ್ತದೆ, ಮಗನನ್ನು ಕಾಲೇಜಿಗೆ ಮುಟ್ಟಿಸುತ್ತದೆ. ಹಿಂದಿನ ದಿನ ಅದನ್ನು ಯಾರು, ಎಷ್ಟು ಭಾರದೊಂದಿಗೆ ಓಡಿಸಿದರು ಎಂಬುದು ಮರುದಿನ ಕೀಲಿ ಹಿಡಿಯುವ ಹೊಸ ಸವಾರನಿಗೆ ತಿಳಿದಿರುವುದಿಲ್ಲ. ಆದ್ದರಿಂದಲೇ ಹೊರಡುವ ಮುನ್ನ ವಾಹನವನ್ನು ಒಮ್ಮೆ ಸುತ್ತಿ ಪರಿಶೀಲಿಸುವ ಅಭ್ಯಾಸ ಇಲ್ಲಿನ ಸವಾರರಿಗೆ ಅತ್ಯಗತ್ಯ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಪರಿಶೀಲನೆಯಿಂದ ಎಲ್ಲ ಅಪಘಾತಗಳೂ ತಪ್ಪುವುದಿಲ್ಲ. ಆದರೆ ಸವೆದ ಟಯರ್, ಹಿಡಿಯದ ಬ್ರೇಕ್, ಉರಿಯದ ದೀಪದಿಂದ ಆಗುವಂಥವನ್ನು ಮನೆಯಂಗಳದಲ್ಲೇ ತಪ್ಪಿಸಬಹುದು.

ಪರಿಶೀಲನೆಯ ಕ್ರಮ

ಪ್ರತಿದಿನವೂ ಒಂದೇ ಕ್ರಮ ಅನುಸರಿಸಿದರೆ ಯಾವುದೂ ಮರೆತುಹೋಗುವುದಿಲ್ಲ. ಮುಂದಿನ ಚಕ್ರದಿಂದ ಆರಂಭಿಸಿ ಹಿಂದಕ್ಕೆ ಸಾಗುವುದು ಸುಲಭ.

1. ಟಯರ್: ಗಾಳಿಯ ಒತ್ತಡವನ್ನು ಟಯರ್ ತಣ್ಣಗಿರುವಾಗಲೇ ಅಳೆಯಬೇಕು. ಒಬ್ಬರೇ ಹೋಗುವಾಗ ಎಷ್ಟು, ಹಿಂದೆ ಮತ್ತೊಬ್ಬರಿದ್ದರೆ ಎಷ್ಟು ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೀಡಲಾಗಿರುತ್ತದೆ. ಟಯರಿನ ಗೀರುಗಳ ತಳದಲ್ಲಿರುವ ಸವೆತ ಸೂಚಕದ ಮಟ್ಟಕ್ಕೆ ಮೇಲ್ಮೈ ಸವೆದಿದ್ದರೆ ಟಯರ್ ಬದಲಿಸಬೇಕು. ಬೇಲಿಯ ಜಾಲಿಮುಳ್ಳು ಚುಚ್ಚಿಕೊಂಡಿದೆಯೇ ಎಂದೂ ನೋಡಬೇಕು.

2. ಬ್ರೇಕ್: ಮುಂದಿನ ಮತ್ತು ಹಿಂದಿನ ಬ್ರೇಕುಗಳನ್ನು ಪ್ರತ್ಯೇಕವಾಗಿ ಒತ್ತಿ, ವಾಹನವನ್ನು ತಳ್ಳಿ ನೋಡಬೇಕು. ಡಿಸ್ಕ್ ಬ್ರೇಕ್ ಇದ್ದಲ್ಲಿ ಬ್ರೇಕ್ ಆಯಿಲ್ ಕನಿಷ್ಠ ಗುರುತಿಗಿಂತ ಮೇಲಿರಬೇಕು. ಹೊರಟ ಮೇಲೆ ಮೊದಲ ಹತ್ತು ಹೆಜ್ಜೆಯೊಳಗೆ ನಡಿಗೆಯ ವೇಗದಲ್ಲಿ ಮತ್ತೊಮ್ಮೆ ಬ್ರೇಕ್ ಪರೀಕ್ಷಿಸಬೇಕು.

3. ಹ್ಯಾಂಡಲ್ ಮತ್ತು ಆಕ್ಸಿಲರೇಟರ್: ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಬೇಕು. ಆಕ್ಸಿಲರೇಟರ್ ತಿರುವಿ ಬಿಟ್ಟಾಗ ತಾನಾಗಿಯೇ ಹಿಂದಕ್ಕೆ ಬರಬೇಕು. ಕ್ಲಚ್ ಮತ್ತು ಬ್ರೇಕ್ ಕೇಬಲ್‌ಗಳ ಎಳೆ ಬಿಟ್ಟಿರಬಾರದು.

4. ದೀಪ ಮತ್ತು ಹಾರನ್: ಹೆಡ್‌ಲೈಟ್, ಹಿಂದಿನ ದೀಪ, ನಾಲ್ಕೂ ಇಂಡಿಕೇಟರ್‌ಗಳನ್ನು ನೋಡಬೇಕು. ಬ್ರೇಕ್ ದೀಪವನ್ನು ಒಬ್ಬರೇ ನೋಡಲು ವಾಹನದ ಹಿಂಬದಿಯನ್ನು ಗೋಡೆಗೆ ಮಾಡಿ ನಿಲ್ಲಿಸಿದರೆ ಅದರ ಕೆಂಪು ಬೆಳಕು ಗೋಡೆಯ ಮೇಲೆ ಕಾಣುತ್ತದೆ. ಅಂದಕ್ಕಾಗಿ ಕನ್ನಡಿ ಬಿಚ್ಚಿಡುವುದು ಹಿಂದಿನಿಂದ ಬರುವ ಲಾರಿಯನ್ನು ಕಾಣದಂತೆ ಮಾಡಿಕೊಂಡಂತೆ.

5. ಆಯಿಲ್, ಪೆಟ್ರೋಲ್, ಚೈನ್: ಎಂಜಿನ್ ಆಯಿಲ್ ಮಟ್ಟವನ್ನು ಸಮತಟ್ಟಾದ ಜಾಗದಲ್ಲಿ ವಾಹನವನ್ನು ನೇರವಾಗಿ ನಿಲ್ಲಿಸಿಯೇ ನೋಡಬೇಕು. ಚೈನ್ ತೀರಾ ಸಡಿಲವಾದರೆ ಕಳಚಿ ಹಿಂದಿನ ಚಕ್ರ ಸಿಕ್ಕಿಕೊಳ್ಳುವ ಅಪಾಯವಿದೆ. ಎಂಜಿನ್ ಚಾಲೂ ಇರುವಾಗ ಚೈನಿಗೆ ಕೈ ಹಾಕಕೂಡದು.

6. ಸೈಡ್ ಸ್ಟ್ಯಾಂಡ್: ಮಡಚದೆ ಹೊರಟರೆ ಎಡ ತಿರುವಿನಲ್ಲಿ ಅದು ನೆಲಕ್ಕೆ ತಾಗಿ ಸವಾರನನ್ನು ಕೆಡವುತ್ತದೆ. ಗೇರ್ ಹಾಕುವ ಮುನ್ನ ಕೊನೆಯದಾಗಿ ಇದನ್ನೇ ನೋಡಬೇಕು.

ಹೆಲ್ಮೆಟ್ ಮತ್ತು ಹಿಂಬದಿ ಸವಾರರು

ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್‌ಗಳ ಮಾರಾಟವನ್ನು 2021ರ ಜೂನ್‌ನಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣದಲ್ಲೇ ತಲೆಯಿಂದ ಹಾರಿಹೋಗುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದದ್ದು ಹೊರನೋಟಕ್ಕೆ ಚೆನ್ನಾಗಿದ್ದರೂ ಮತ್ತೆ ಬಳಕೆಗೆ ಯೋಗ್ಯವಲ್ಲ.

ಹಿಂದೆ ಕುಳಿತ ಮಹಿಳೆಯರ ಸೆರಗು, ದುಪಟ್ಟಾ ಚಕ್ರಕ್ಕೆ ಸಿಲುಕಿ ಬೀಳುವುದು ಹಳೆಯ ಅಪಾಯ. ಇದನ್ನು ತಡೆಯಲೆಂದೇ ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಕ, ಹಿಡಿಕೆ ಮತ್ತು ಕಾಲಿಡುವ ಪೆಡಲ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಕ್ಯಾನ್ ಕಟ್ಟಲು ಅಡ್ಡಿಯೆಂದು ಸೀರೆ ಗಾರ್ಡ್ ತೆಗೆದಿದ್ದರೆ ಮೊದಲು ಮರಳಿ ಹಾಕಿಸಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ವಾಹನ ಚಲಿಸಬೇಕು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಸವಾರನಿಗೆ ಸೇರಿಸಿ ಬಿಗಿಯುವ ಸುರಕ್ಷತಾ ಪಟ್ಟಿಯೊಂದಿಗೆ ಕರೆದೊಯ್ಯಬೇಕೆಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅಂಥ ಪ್ರಯಾಣದ ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ.

ಈ ಭಾಗದ ರಸ್ತೆಗಳು

ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರವಿ ಒಕ್ಕಣೆ ಮಾಡುವ ರೂಢಿ ಇನ್ನೂ ನಿಂತಿಲ್ಲ. ಹುಲ್ಲಿನ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಹುರುಳಿ ಬಳ್ಳಿ ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರ್‌ಗೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳಲೂಬಹುದು. ಅಂಥ ಕಡೆ ಇಳಿದು ತಳ್ಳಿಕೊಂಡು ಹೋಗುವುದೇ ಕ್ಷೇಮ. ದಾಟಿದ ಬಳಿಕ ವಾಹನ ನಿಲ್ಲಿಸಿ ಸಿಕ್ಕಿದ ಹುಲ್ಲನ್ನು ಬಿಡಿಸಬೇಕು.

ಶಿರಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಯೂ ಟರ್ನ್ ದೂರವಾಯಿತೆಂದು ವಿರುದ್ಧ ದಿಕ್ಕಿನಲ್ಲಿ ಸಾಗುವುದು ಜೀವಕ್ಕೇ ಎರವಾಗುತ್ತದೆ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಜೋಡಿಸುವ ರಾಜ್ಯ ಹೆದ್ದಾರಿ 33ರಲ್ಲಿ ಸಂಜೆಯ ಬಳಿಕ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾಗಬಹುದೆಂಬ ಎಚ್ಚರ ಇರಬೇಕು. ಬೇಸಿಗೆಯ ನಂತರದ ಮೊದಲ ಮಳೆಗೆ ರಸ್ತೆಯ ದೂಳು, ಎಣ್ಣೆ ಸೇರಿ ಜಾರುವುದರಿಂದ ವೇಗ ತಗ್ಗಿಸಬೇಕು.

ದಾಖಲೆ ಮತ್ತು ಕಾನೂನು

ಗೇರ್ ಇರುವ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. ಕಲಿಕಾ ಪರವಾನಗಿಯ ಅವಧಿ 6 ತಿಂಗಳು. ಅದನ್ನು ಪಡೆದು 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಕಲಿಯುವವರು ವಾಹನದ ಹಿಂದೆ ಮುಂದೆ ಕೆಂಪು ಬಣ್ಣದ 'ಎಲ್' ಫಲಕ ಹಾಕಬೇಕು. ಕಲಿಸುವವರ ಹೊರತು ಬೇರೆಯವರನ್ನು ಕೂರಿಸುವಂತಿಲ್ಲ. ಪಾವಗಡದಿಂದ ನೆರೆಯ ಆಂಧ್ರಪ್ರದೇಶಕ್ಕೆ ಹೋಗಿಬರುವವರು ಪರವಾನಗಿ, ಆರ್‌ಸಿ, ವಿಮೆ ಮತ್ತು ಹೊಗೆ ತಪಾಸಣೆ ಪತ್ರಗಳನ್ನು ಮರೆಯಬಾರದು. ಡಿಜಿಲಾಕರ್‌ನಲ್ಲಿರುವ ಪ್ರತಿಗಳಿಗೂ ಮಾನ್ಯತೆ ಇದೆ.

ಅಪ್ರಾಪ್ತರ ಕೈಗೆ ಬೈಕ್ ಕೊಟ್ಟು ಅಪರಾಧ ಸಾಬೀತಾದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ.

ಅಪಘಾತ ಕಂಡವರು ತಡಮಾಡದೆ 108ಕ್ಕೆ ಕರೆ ಮಾಡಬೇಕು. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ. ಹೆಸರು ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ.

ಪರಿಶೀಲನೆಯಲ್ಲಿ ಬ್ರೇಕ್, ಟಯರ್, ದೀಪ ಯಾವುದರಲ್ಲಿ ದೋಷ ಕಂಡರೂ ಅಂದು ಬಸ್ ಹಿಡಿಯುವುದು, ಬೈಕನ್ನು ಗ್ಯಾರೇಜಿಗೆ ಕಳುಹಿಸುವುದು ಸರಿಯಾದ ಕ್ರಮ. ಸಂಜೆ ಮನೆಗೆ ಮರಳಿದ ಸವಾರ ತಾನು ಕಂಡ ದೋಷವನ್ನು ನಾಳೆ ಅದೇ ಬೈಕ್ ಏರುವ ಅಣ್ಣನಿಗೋ ಅಪ್ಪನಿಗೋ ತಿಳಿಸಿದರೆ, ಆ ಐದು ನಿಮಿಷದ ಪ್ರಯೋಜನ ಮನೆಮಂದಿಗೆಲ್ಲ ದೊರೆಯುತ್ತದೆ.