ಮದ್ರಾಸಿನ ಮುಪ್ಪುರಿ

ಈಚೆಗೆ ಆರೋಗ್ಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ‘ಟ್ರಿಪಲ್ ಹೆಲಿಕ್ಸ್’ ಎಂಬಲ್ಲಿ ಕೈ ನಿಂತಿತು. ‘ತ್ರಿವಳಿ ಸುರುಳಿ’ ಎಂದು ಬರೆದೆ, ಹೊಡೆದುಹಾಕಿದೆ. ಆಮೇಲೆ ನೆನಪಾದದ್ದು ಹಳೆಯ ಮಾತು: ಮುಪ್ಪುರಿ, ಅಂದರೆ ಮೂರೆಳೆ ಸೇರಿಸಿ ಹೊಸೆದದ್ದು. ಒಂಟಿಯಾಗಿದ್ದ ‘ಪುರಿ’ ಕನ್ನಡದಲ್ಲಿ ‘ಹುರಿ’ಯಾಯಿತು, ಒತ್ತಿನೊಳಗಿದ್ದ ಪಕಾರ ಹಾಗೇ ಉಳಿಯಿತು. ತಮಿಳಿನಲ್ಲೂ ಅದು ಮುಪ್ಪುರಿಯೇ. ನಮ್ಮ ಮೈಯೊಳಗಿನ ಮುಪ್ಪುರಿಯನ್ನು ಮೊದಲು ಗುರುತಿಸಿದ್ದೂ ತಮಿಳರ ಊರಾದ ಮದ್ರಾಸಿನಲ್ಲೇ.

ಮೈಯೆಂದರೆ ಬರೀ ಜೀವಕೋಶಗಳಲ್ಲ. ಕೋಶಗಳ ನಡುವೆ, ಅವೇ ನೇಯ್ದು ಹೊರಗೆ ಹಾಸಿದ ಹಂದರವೊಂದಿದೆ. ಚರ್ಮ, ಎಲುಬು, ಮೃದ್ವಸ್ಥಿ, ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು, ಇವೆಲ್ಲ ನಿಂತಿರುವುದು ಅದರ ಬಲದಲ್ಲಿ. ಅದರ ಮುಖ್ಯ ನಾರು ಕೊಲಾಜೆನ್. ನಮ್ಮ ದೇಹದ ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಇದೇ.

1952ರಲ್ಲಿ ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಬಿಟ್ಟು ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಸಿ.ವಿ. ರಾಮನ್ ಅವರ ಶಿಷ್ಯ. ವಯಸ್ಸು ಇನ್ನೂ ಮೂವತ್ತರ ಹತ್ತಿರ. ಕೊಲಾಜೆನ್ನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಅವರ ಕಿವಿಗೆ ಹಾಕಿದವರು ಮದ್ರಾಸಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್. ಅಡ್ಯಾರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವಿನಿಂದ ಕಾಂಗರೂ ಬಾಲದ ರಜ್ಜು ಸಿಕ್ಕಿತು. ಗೋಪಿನಾಥ್ ಕರ್ತಾ ಜೊತೆಗೂಡಿದರು. ಕ್ಷ-ಕಿರಣದ ಚಿತ್ರ ತೆಗೆದು, ಲೆಕ್ಕ ಹಾಕಿ, ಮಾದರಿ ಕಟ್ಟಿದರು.

ಸುಳಿವು ಒಂದು ಸಂಖ್ಯೆಯಲ್ಲಿತ್ತು. ಕೊಲಾಜೆನ್ನಿನ ಅಮೈನೊ ಆಮ್ಲಗಳಲ್ಲಿ ಮೂರಕ್ಕೊಂದು ಗ್ಲೈಸೀನ್, ಎಲ್ಲಕ್ಕಿಂತ ಚಿಕ್ಕದು. ಮೂರೆಳೆ ಹೊಸೆದಾಗ ನಡುವೆ ಉಳಿಯುವ ಇಕ್ಕಟ್ಟಿನಲ್ಲಿ ಹಿಡಿಸುವುದು ಅದೊಂದೇ. ಹಾಗಾಗಿ ಪ್ರತಿ ಮೂರನೆಯದು ಗ್ಲೈಸೀನೇ ಆಗಬೇಕು. ಈ ಮಾದರಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮರುವರ್ಷ ಅದನ್ನು ತಿದ್ದಿ, ಮೂರು ಎಳೆಗಳೂ ಒಂದರ ಸುತ್ತ ಒಂದು ತಿರುಚಿಕೊಂಡಿವೆ ಎಂದರು. ಆ ಗ್ಲೈಸೀನ್‌ಗಳಲ್ಲಿ ಒಂದರ ಜಾಗಕ್ಕೆ ಬೇರೆಯದು ಬಂದರೂ ಸಾಕು, ಎಲುಬು ಸಣ್ಣ ಪೆಟ್ಟಿಗೇ ಮುರಿಯುವ ಹುಟ್ಟುಕಾಯಿಲೆ ಬರಬಹುದು.

1955ರಲ್ಲೇ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮ ಮಾದರಿ ಮುಂದಿಟ್ಟರು. ಮೂರೆಳೆಯ ಮಾತು ಒಪ್ಪಿತ, ತಕರಾರು ವಿವರದಲ್ಲಿ. ಮದ್ರಾಸಿನವರು ಮೂರು ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧ ಹೇಳಿದ್ದರು, ಇವರು ಒಂದೇ ಎಂದರು. ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರವಾಗುತ್ತವೆ ಎಂಬ ಆಕ್ಷೇಪವೂ ಬಂತು. ನೇರ ಬಂಧದ ವಿಷಯದಲ್ಲಿ ಕಾಲ ರಿಚ್ ಮತ್ತು ಕ್ರಿಕ್ ಅವರ ಕಡೆಗೇ ನಿಂತಿತು.

ರಾಮಚಂದ್ರನ್ ಆ ಆಕ್ಷೇಪವನ್ನೇ ಪ್ರಶ್ನೆಯಾಗಿ ಹಿಡಿದರು: ‘ಅತಿ ಹತ್ತಿರ’ ಎಂದರೆ ಎಷ್ಟು? ಗೊತ್ತಿದ್ದ ಹರಳುಗಳ ರಚನೆಗಳಿಂದ ಪರಮಾಣುಗಳ ದೂರ ಕಲೆಹಾಕಿದರು. ಪ್ರೋಟೀನಿನ ಎಳೆ ಎರಡು ಕೋನಗಳಲ್ಲಿ ಎಲ್ಲೆಲ್ಲಿ ತಿರುಗಬಹುದು, ಎಲ್ಲಿ ಕೂಡದು ಎಂದು ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ನಕ್ಷೆ ಬರೆದರು. 1963ರಲ್ಲಿ ಪ್ರಕಟವಾದ ಆ ‘ರಾಮಚಂದ್ರನ್ ನಕ್ಷೆ’ಯನ್ನು ಇಂದಿಗೂ ಪ್ರೋಟೀನ್ ರಚನೆಯ ಸರಿತಪ್ಪು ನೋಡಲು ಜಗತ್ತೆಲ್ಲ ಬಳಸುತ್ತದೆ.

ತಪ್ಪು ಎತ್ತಿ ತೋರಿಸಿದಾಗ ಮುನಿಸಿಕೊಂಡು ಕೂರುವುದು ಅನುವಾದಕಿಯಾಗಿ ನನಗೂ ಗೊತ್ತು. ಅದನ್ನೇ ಅಳತೆಗೋಲು ಮಾಡಿಕೊಳ್ಳುವುದು ಬೇರೆಯೇ ವಿದ್ಯೆ. ಅಡ್ಯಾರಿನ ಆ ಚರ್ಮ ಸಂಸ್ಥೆಯಲ್ಲಿ ಇವತ್ತು ‘ಟ್ರಿಪಲ್ ಹೆಲಿಕ್ಸ್’ ಎಂಬ ಸಭಾಂಗಣವಿದೆ. ನನ್ನ ಕೈಪಿಡಿಯಲ್ಲಿ ಮಾತ್ರ ‘ಮುಪ್ಪುರಿ’ ಎಂದೇ ಉಳಿಸಿದ್ದೇನೆ.