ನೀರಾನಿ

ಮೊನ್ನೆ ರವಿವಾರ ಅಣ್ಣನ ಮಗಳನ್ನು ಕರೆದುಕೊಂಡು ಬಾದಾಮಿ, ಪಟ್ಟದಕಲ್ಲು ಸುತ್ತಿ ಬಂದೆ. ಇಳಕಲ್ಲಿನ ನಮಗೆ ಇದೇನೂ ಹೊಸದಲ್ಲ. ಮನೆಗೆ ನೆಂಟರು ಬಂದರೆ ಅಲ್ಲಿಗೇ, ಶಾಲೆಯ ಟ್ರಿಪ್ ಅಂದರೂ ಅಲ್ಲಿಗೇ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಹೊರಗೋಡೆ ಸುತ್ತುವಾಗ ಹುಡುಗಿ ಒಂದು ತೋರಣದ ತುದಿಗೆ ಬೆರಳು ಮಾಡಿ ಕೇಳಿದಳು:

"ಕಾಕಾ, ಇದಕ್ಕ ಸೊಂಡಿ ಐತಿ, ಹಲ್ಲೂ ಅದಾವು. ಇದು ಆನಿನೋ, ಮೊಸಳಿನೋ?"

ಮಕರ ಅಂದೆ. ಮಕರ ಅಂದ್ರ? ಅಂದಳು. ಮಕರ ಸಂಕ್ರಾಂತಿ ಅಂತೀವಲ್ಲ, ಆ ಮಕರ ಅಂದೆ. ಅವಳ ಮುಖ ನೋಡಿದರೇ ಗೊತ್ತಾಯಿತು, ನಾನು ಉತ್ತರ ಕೊಟ್ಟಿಲ್ಲ, ಬರೀ ಹೆಸರು ಹೇಳಿದ್ದೇನೆ ಅಂತ. ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆ ಬಿಡಲಿಲ್ಲ. ಅದಕ್ಕೇ ಈ ಬರಹ.

ರಾಶಿಗಳ ಹಳೇ ಚಿತ್ರ ಹುಡುಕುತ್ತಾ ಕೂತಾಗ ಒಂದು ತಮಾಷೆ ಕಣ್ಣಿಗೆ ಬಿತ್ತು. ಕರ್ಕ ರಾಶಿ ಅಂದರೆ ನಮಗೆ ಏಡಿ, ಅಲ್ಲವೇ? ಯುರೋಪಿನ ಮಧ್ಯಯುಗದ ಕೈಬರಹದ ಪುಸ್ತಕಗಳಲ್ಲಿ ಎಷ್ಟೋ ಕಡೆ ಏಡಿಯ ಜಾಗದಲ್ಲಿ ಲಾಬ್‌ಸ್ಟರ್ ಥರದ ಪ್ರಾಣಿ ಕೂತಿದೆ. ಉದ್ದ ಮೈ, ಬೀಸಣಿಗೆಯಂಥ ಬಾಲ, ಮುಂದೆ ಎರಡು ದೊಡ್ಡ ಕೊಂಡಿ. ಅದು ಅಲ್ಲಿಯ ಹೊಳೆ-ಹಳ್ಳದಲ್ಲಿ ಸಿಗುವ, ಲಾಬ್‌ಸ್ಟರಿನ ಸಣ್ಣ ತಮ್ಮನಂಥ ಪ್ರಾಣಿ. ಜರ್ಮನ್ ಭಾಷೆಯಲ್ಲಿ ಏಡಿಗೂ ಅದಕ್ಕೂ 'ಕ್ರೆಬ್ಸ್' ಎಂಬ ಒಂದೇ ಮಾತು ಸಾಕು. ಸಮುದ್ರದಿಂದ ದೂರದ ಮಠದಲ್ಲಿ ಕೂತು ಬರೆದವನಿಗೆ ತನ್ನ ಹಳ್ಳದ ಪ್ರಾಣಿಯೇ ನೆನಪಾದರೆ ಆಶ್ಚರ್ಯವೇನು? ಟ್ಯಾರೋ ಎಲೆಗಳಲ್ಲಿ ಚಂದ್ರನ ಎಲೆಯ ಕೆಳಗೆ ಕೊಳದಿಂದ ಮೇಲೆ ಬರುವುದೂ ಅದೇ ಪ್ರಾಣಿ. ಮುಂದೆ 1930ರ ದಶಕದಲ್ಲಿ ಸಾಲ್ವಡಾರ್ ಡಾಲಿ ಟೆಲಿಫೋನಿನ ಮೇಲೆ ಲಾಬ್‌ಸ್ಟರ್ ಕೂರಿಸಿ ಜಗತ್ತನ್ನು ನಗಿಸಿದ.

ಹಾಗಾದರೆ ನಮ್ಮ ಮಕರವೂ ಇಂಥದ್ದೇ ತಪ್ಪೇ? ಬಾದಾಮಿಯಿಂದ ಅರಬ್ಬಿ ಸಮುದ್ರ ನೇರ ದಾರಿಯಲ್ಲೇ ಸುಮಾರು 200 ಕಿಲೋಮೀಟರ್. ಸಮುದ್ರ ಕಾಣದ ಶಿಲ್ಪಿ, ಕೇಳಿದ ಕಥೆಗೆ ಕಂಡ ಪ್ರಾಣಿಗಳನ್ನು ಜೋಡಿಸಿಬಿಟ್ಟನೇ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಆದರೆ ಬಾದಾಮಿಯ ಎರಡನೇ ಗುಹೆಯಲ್ಲಿ ತಲೆ ಎತ್ತಿ ನೋಡಿ. ಮೇಲ್ಛಾವಣಿಯಲ್ಲಿ ಒಂದು ಚಕ್ರವಿದೆ, ಅದರ ಅರಗಳೆಲ್ಲ ಮೀನು. 16 ಮೀನು! ಮೀನು ಅಂದರೆ ಮೀನೇ, ಯಾರಿಗೂ ಅನುಮಾನ ಬರುವುದಿಲ್ಲ. ಮೊಸಳೆಯೂ ಈ ಸೀಮೆಗೆ ಪರಕೀಯವಲ್ಲ. ಇವತ್ತಿಗೂ ಕೃಷ್ಣೆಯ ದಂಡೆಯಲ್ಲಿ, ಆಲಮಟ್ಟಿ ಹಿನ್ನೀರಿನ ಹೊಲಗಳಲ್ಲಿ ಮೊಸಳೆ ಕಾಣಿಸಿತು ಅಂತ ಸುದ್ದಿ ಬರುತ್ತಲೇ ಇರುತ್ತದೆ. ಮೀನನ್ನು ಇದ್ದ ಹಾಗೇ ಕಡೆಯಬಲ್ಲ ಕೈಗೆ ಮೊಸಳೆ ಕಡೆಯುವುದು ಕಷ್ಟವೇ? ಬೇಕಂತಲೇ ಕಡೆಯಲಿಲ್ಲ. ಅವನಿಗೆ ಬೇಕಾಗಿದ್ದು ಬೇರೆ.

ಮಕರ ಚಾಲುಕ್ಯರಿಗಿಂತ ಬಹಳ ಹಳೆಯದು. ಬಿಹಾರದ ಬರಾಬರ್ ಗುಡ್ಡದ ಲೋಮಸ ಋಷಿ ಗುಹೆಯ ಬಾಗಿಲ ಕಮಾನಿನಲ್ಲಿ, ಕ್ರಿಸ್ತಪೂರ್ವ ಮೂರನೇ ಶತಮಾನದಷ್ಟು ಹಿಂದೆ, ಆನೆಗಳ ಸಾಲಿದೆ. ಆ ಸಾಲಿನ ಎರಡೂ ತುದಿಗೆ ಮಕರ. ಮೊದಮೊದಲು ಅದು ಹೆಚ್ಚುಕಡಿಮೆ ಮೊಸಳೆಯೇ. ಶತಮಾನ ಕಳೆದಂತೆ ಮೂತಿ ಮೇಲಕ್ಕೆ ಸುರುಳಿ ಸುತ್ತಿ ಸೊಂಡಿಲಾಯಿತು, ಬಾಲ ಬಳ್ಳಿಯಾಯಿತು. ವರುಣನಿಗೆ ಅದೇ ವಾಹನ, ಗಂಗೆಗೂ ಅದೇ. ಮನ್ಮಥನ ಬಾವುಟದಲ್ಲೂ ಅದೇ. ಅಂದರೆ ಅದು ಒಂದು ಪ್ರಾಣಿಯಲ್ಲ, ನೀರಿಗೆ ಕೊಟ್ಟ ಮುಖ.

ಸರಿ, ಆನೆಯ ಸೊಂಡಿಲು ಯಾಕೆ? ನನಗೆ ತೋಚಿದ್ದು ಇಷ್ಟು. ನಮ್ಮಲ್ಲಿ ಆನೆ ಅಂದರೆ ಮೋಡ, ಆನೆ ಅಂದರೆ ಮಳೆ. ಐರಾವತ ಹುಟ್ಟಿದ್ದೇ ಕಡಲು ಕಡೆದಾಗ. ಬಾಗಿಲ ಮೇಲಿನ ಗಜಲಕ್ಷ್ಮಿಗೆ ನೀರೆರೆಯುವುದೂ ಆನೆಗಳೇ. ಮೇಲಿನ ನೀರು ಆನೆ, ಕೆಳಗಿನ ನೀರು ಮೊಸಳೆ-ಮೀನು. ಎರಡನ್ನೂ ಕೂಡಿಸಿದರೆ ಮಕರ.

ಇದಕ್ಕೆ ಹತ್ತಿರದ ಸಾಕ್ಷಿ ಹುನಗುಂದ ತಾಲೂಕಿನ ಐಹೊಳೆಯಲ್ಲೇ ಇದೆ. ಮೇಗುತಿ ಗುಡ್ಡದ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನ ಗೊತ್ತಲ್ಲ? ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು ಹೇಳುತ್ತಾ, ಪಶ್ಚಿಮ ಸಮುದ್ರದ ಪುರಿಯನ್ನು ಅವನು ನೂರಾರು ಹಡಗುಗಳಿಂದ ಮುತ್ತಿದ್ದನ್ನು ಕವಿ ವರ್ಣಿಸುತ್ತಾನೆ. ಈ ಪುರಿ ಮುಂಬಯಿ ಹತ್ತಿರದ ಘಾರಾಪುರಿ ಎಂದು ಹಲವು ವಿದ್ವಾಂಸರ ಮತ. ಆ ಹಡಗುಗಳನ್ನು ಅವನು ಹೋಲಿಸಿದ್ದು ಯಾವುದಕ್ಕೆ? ಮದ್ದಾನೆಗಳ ಸಾಲಿಗೆ! ನೀರಿನ ಮೇಲೆ ಆನೆ. ಮಕರಕ್ಕೆ ಸೊಂಡಿಲು ಬಂದದ್ದು ಇವನಿಂದ ಅಂತ ನಾನು ಹೇಳುತ್ತಿಲ್ಲ, ಅದು ಅವನಿಗಿಂತ ಮೊದಲೇ ಇತ್ತು. ಆದರೆ ಕವಿಯ ಕಣ್ಣಿಗೂ ಶಿಲ್ಪಿಯ ಕಣ್ಣಿಗೂ ಕಡಲು ಕಂಡದ್ದು ಒಂದೇ ಥರ.

ಇನ್ನೊಂದು ಮಾತು. ನಮ್ಮದು ಬರದ ಸೀಮೆ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಪುಣ್ಯ. ಮೊದಲನೇ ಪುಲಕೇಶಿ ಕ್ರಿ.ಶ. 543ರಲ್ಲಿ ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ. ಆ ಬಂಡೆಗಳ ನಡುವೆ ಊರನ್ನು ಉಳಿಸಿದ್ದು ಒಂದು ಕೆರೆ. ಅದರ ಹೆಸರು ಅಗಸ್ತ್ಯ ತೀರ್ಥ. ವಾತಾಪಿಯನ್ನು ಜೀರ್ಣಿಸಿಕೊಂಡ ಅಗಸ್ತ್ಯ, ಸಮುದ್ರವನ್ನೇ ಕುಡಿದ ಅಗಸ್ತ್ಯ! ಸಮುದ್ರವಿಲ್ಲದ ಊರಿನ ಕೆರೆಗೆ ಸಮುದ್ರ ಕುಡಿದವನ ಹೆಸರು. ವಿನಯಾದಿತ್ಯನ ಕಾಲದ ಉತ್ತರದ ದಂಡಯಾತ್ರೆಯಲ್ಲಿ ಗಂಗಾ-ಯಮುನೆಯರ ಚಿಹ್ನೆಗಳೂ ತಮಗೆ ಸಿಕ್ಕವೆಂದು ಚಾಲುಕ್ಯರ ತಾಮ್ರಪಟಗಳು ಹೆಮ್ಮೆಯಿಂದ ಹೇಳುತ್ತವೆ. ಐಹೊಳೆಯ ಲಾಡಖಾನ್ ಗುಡಿಯ ಕಂಬದಲ್ಲೂ ಆ ನದೀದೇವಿಯರಿದ್ದಾರೆ. ಗಂಗೆ ನಿಲ್ಲುವುದು ಮಕರದ ಮೇಲೆ, ಯಮುನೆ ಆಮೆಯ ಮೇಲೆ. ಗುಡಿಗೆ ಹೋಗುವವನು ನೀರು ದಾಟಿ ಒಳಗೆ ಹೋಗಬೇಕು. ಹತ್ತಿರ ಹೊಳೆ ಇಲ್ಲದಿದ್ದರೂ ಕಲ್ಲಿನಲ್ಲಾದರೂ ಇರಲಿ. ವಿಕ್ರಮಾದಿತ್ಯನ ಕಂಚಿಯ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಾಗಲೂ ಆ ನೀರನ್ನು ಮರೆಯಲಿಲ್ಲ. ಅಣ್ಣನ ಮಗಳು ಬೆರಳು ಮಾಡಿದ್ದು ಅದಕ್ಕೇ.

ಈಗ ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ.

ನಮ್ಮ ಮನೆಯ ದೇವರ ಜಗುಲಿಯಲ್ಲಿ ಒಂದು ಹಿತ್ತಾಳೆಯ ಪ್ರಭಾವಳಿ ಇತ್ತು. ಮೇಲೆ ನಡುವೆ ಕೀರ್ತಿಮುಖ, ಕೆಳಗೆ ಎರಡು ಬದಿಗೆ ಎರಡು ಪ್ರಾಣಿ. ಎಡಗಡೆಯದರ ಸೊಂಡಿಲು ಮುರಿದಿತ್ತು. ಆಯಿ ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. "ಆಯಿ, ಈ ಮೊಸಳಿ ಮೂಗ ಮುರದೈತಿ" ಅಂದಿದ್ದೆ ಒಂದು ಸಲ.

"ಮೊಸಳಿ ಅಲ್ಲಪಾ ಅದು, ನೀರಾನಿ" ಅಂದಿದ್ದಳು. ಶಾಲೆಯಲ್ಲಿ ನೀರಾನೆ ಅಂದರೆ ಹಿಪೊಪೊಟಮಸ್ ಅಂತ ಕಲಿತಿದ್ದ ನಾನು ನಕ್ಕುಬಿಟ್ಟಿದ್ದೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ತಿಳಿಯದೆ ಏನೋ ಹೇಳುತ್ತಾಳೆ ಅಂತ ನನ್ನ ಎಣಿಕೆ.

ಆಯಿ ಹೋದ ಮೇಲೆ ಮನೆ ಕಟ್ಟಿಸಿದೆವು. ಹೊಸ ದೇವರ ಮನೆಗೆ ಹೊಳೆಯುವ ಹೊಸ ಪ್ರಭಾವಳಿ ಬಂತು. ಹಳೆಯದನ್ನು, ಮುರಿದದ್ದು ಮನೆಯಲ್ಲಿ ಇರಬಾರದು ಅಂತ ಯಾರೋ ಅಂದರು ಅಂತ, ಹಳೇ ತಂಬಿಗೆ ಕೊಡಗಳ ಜೊತೆ ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ತಂದೆವು. ತೂಗಲು ಕೊಟ್ಟ ಕೈ ನನ್ನದೇ. ಯಾರನ್ನೂ ದೂರುವ ಹಾಗಿಲ್ಲ.

ಪಟ್ಟದಕಲ್ಲಿನ ಗೋಡೆಗೆ ಕಾವಲುಗಾರರಿದ್ದಾರೆ, ಬೇಲಿಯಿದೆ, ಟಿಕೆಟ್ಟಿದೆ. 1987ರಿಂದ ಅದು ವಿಶ್ವಪರಂಪರೆಯ ತಾಣ. ಅದೇ ಮಕರ ಮನೆಯ ಜಗುಲಿಯಲ್ಲಿ ಕೂತರೆ ಕಿಲೋ ಲೆಕ್ಕ. ಕಲ್ಲು ಉಳಿಯುತ್ತದೆ ಬಿಡಿ. ಉಳಿಯದೇ ಹೋಗಿದ್ದು ಆಯಿಯ ಬಾಯಲ್ಲಿದ್ದ ಆ ಒಂದು ಶಬ್ದ. ನಾನು ಇಷ್ಟು ದಿನ ಪುಸ್ತಕ ತಿರುವಿ, ಶಾಸನ ಹುಡುಕಿ ತಲುಪಿದ ಜಾಗಕ್ಕೆ ಅವಳು ಹುಣಸೆಹಣ್ಣು ಹಿಡಿದುಕೊಂಡೇ ತಲುಪಿದ್ದಳು.

ನಿನ್ನೆ ಫೋನ್ ಮಾಡಿ ಅಣ್ಣನ ಮಗಳಿಗೆ ಹೇಳಿದೆ, "ಅದು ಆನಿನೂ ಅಲ್ಲ, ಮೊಸಳಿನೂ ಅಲ್ಲವಾ. ನೀರಾನಿ."

"ಹಂಗಂತ ಆಗಲೇ ಹೇಳಬಾರದಾ ಕಾಕಾ?" ಅಂದಳು.

ನಿಮ್ಮ ಮನೆಯ ಜಗುಲಿಯ ಪ್ರಭಾವಳಿಯನ್ನೂ ಒಮ್ಮೆ ನೋಡಿ. ಕೆಳಗಿನ ಎರಡು ಪ್ರಾಣಿಗಳಿಗೆ ನಿಮ್ಮ ಅಜ್ಜಿ ಏನನ್ನುತ್ತಾರೆ? ಕೇಳುವುದಕ್ಕೆ ಅವರಿದ್ದರೆ ಇವತ್ತೇ ಕೇಳಿ, ನನಗೂ ತಿಳಿಸಿ.