ಉಪ್ಪು ತಿಂದ ಸೇತುವೆ

ಮಾಂಟ್ರಿಯಲ್ ನಗರದ ಹಳೆಯ ಶಾಂಪ್ಲೇನ್ ಸೇತುವೆಯನ್ನು ನಮ್ಮಲ್ಲಿ ಅನೇಕರು ದಾಟಿದ್ದೇವೆ. ಸೇಂಟ್ ಲಾರೆನ್ಸ್ ನದಿಯ ಮೇಲೆ 1962ರಲ್ಲಿ ತೆರೆದ ಈ ಸೇತುವೆ 57 ವರ್ಷಕ್ಕೇ ನಿವೃತ್ತಿ ಹೊಂದಿತು. ವೈದ್ಯನಾದ ನನಗೆ ಇಂಜಿನಿಯರಿಂಗ್ ದೂರದ ವಿಷಯ. ಆದರೂ ಇದರ ಕಾಯಿಲೆಯ ಇತಿಹಾಸ ಓದಿದಾಗ ಪರಿಚಿತ ರೋಗಿಯೊಬ್ಬನ ಫೈಲು ತೆರೆದಂತಾಯಿತು.

ಕಾಂಕ್ರೀಟು ಅದುಮಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಆ ಎಳೆತವನ್ನು ಹೊರಲೆಂದೇ ಒಳಗೆ ಉಕ್ಕಿನ ಸರಳು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ 1867ರಲ್ಲಿ ಇಂಥ ಜೋಡಣೆಗೆ ಪೇಟೆಂಟ್ ಪಡೆದದ್ದು ಗಿಡ ನೆಡುವ ತೊಟ್ಟಿಗಳಿಗಾಗಿ! ಸಿಮೆಂಟಿನ ಕ್ಷಾರಗುಣ ಬಲು ತೀಕ್ಷ್ಣ, ಪಿಎಚ್ ಸುಮಾರು 13. (ನಮ್ಮ ರಕ್ತದ್ದು 7.4, ಸ್ವಲ್ಪ ಏರುಪೇರಾದರೂ ನಾವು ವೈದ್ಯರು ಓಡಾಡುತ್ತೇವೆ.) ಈ ಕ್ಷಾರದಿಂದ ಸರಳಿನ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಮೂಡಿ ತುಕ್ಕನ್ನು ತಡೆಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ಆ ಪೊರೆಯನ್ನೇ ಒಡೆಯುತ್ತದೆ. ತುಕ್ಕಿಗೆ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಕು. ಮೇಲಿನ ಕಾಂಕ್ರೀಟು ಸೀಳಿ ಉದುರತೊಡಗುತ್ತದೆ.

ಶಾಂಪ್ಲೇನ್ ಸೇತುವೆಯನ್ನು ರೂಪಿಸಿದವರ ಲೆಕ್ಕದಲ್ಲಿ ಉಪ್ಪೇ ಇರಲಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ಅದರ ಮೇಲೆ ಉಪ್ಪು ಚೆಲ್ಲುವ ರೂಢಿ ಬಂದದ್ದು ಆಮೇಲೆ. ನೀರು ಹೊರಹೋಗಲು ಸರಿಯಾದ ದಾರಿಯಿಲ್ಲದೆ ಆ ಉಪ್ಪುನೀರು ಅಂಚಿನ ತೊಲೆಗಳ ಮೇಲೇ ಹರಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಇಲ್ಲಿ ಎರಡನ್ನೂ ಒಟ್ಟಿಗೇ ಕುಡಿಸಿದರು. ತೊಲೆಗಳ ನೆತ್ತಿಯೇ ರಸ್ತೆಯ ಹಾಸಿನ ಭಾಗವಾಗಿದ್ದು, ಎಲ್ಲವನ್ನೂ ಉಕ್ಕಿನ ತಂತಿಗಳಿಂದ ಅಡ್ಡಲಾಗಿ ಬಿಗಿದಿದ್ದರು. ಹುಳುಕು ಹಲ್ಲು ಕಿತ್ತಂತೆ ಒಂದೇ ತೊಲೆಯನ್ನು ತೆಗೆದು ಬದಲಿಸುವಂತಿರಲಿಲ್ಲ. 2013ರ ನವೆಂಬರಿನಲ್ಲಿ ಅಂಚಿನ ತೊಲೆಯೊಂದು ಬಿರುಕು ಬಿಟ್ಟಾಗ, 75 ಟನ್ನಿನ ಉಕ್ಕಿನ ತೊಲೆಯನ್ನು ತಂದು ಆಸರೆ ಕೊಡಬೇಕಾಯಿತು. ದಿನಕ್ಕೆ ಲಕ್ಷಕ್ಕೂ ಹೆಚ್ಚು ವಾಹನಗಳು ಓಡುತ್ತಿದ್ದ ಸೇತುವೆ ಅದು.

ಅಂದಿನ ಇಂಜಿನಿಯರುಗಳನ್ನು ದೂರುವುದು ನನಗೆ ಸರಿಯೆನಿಸದು. ಎಷ್ಟು ಭಾರ ಹೊರಬೇಕೆಂದು ಅವರು ಚೆನ್ನಾಗಿಯೇ ಲೆಕ್ಕ ಹಾಕಿದ್ದರು. ಎಷ್ಟು ವರ್ಷ ಬಾಳಬೇಕೆಂಬ ಲೆಕ್ಕ ಬಲಿತದ್ದು ಅನಂತರ. 1997ರಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಕಟ್ಟಿದ ಕಾನ್ಫೆಡರೇಷನ್ ಸೇತುವೆಗೆ 100 ವರ್ಷದ ಆಯುಸ್ಸು ನಿಗದಿ ಮಾಡಿಕೊಂಡೇ ಕೆಲಸ ಆರಂಭಿಸಿದರು. 2019ರಲ್ಲಿ ತೆರೆದ ಹೊಸ ಶಾಂಪ್ಲೇನ್ ಸೇತುವೆಗೆ 125 ವರ್ಷ. ಅದರಲ್ಲಿ ಉಪ್ಪು ತಾಗುವ ಕಡೆ ಸ್ಟೇನ್‌ಲೆಸ್ ಉಕ್ಕಿನ ಸರಳುಗಳನ್ನು ಹಾಕಿದ್ದಾರೆ. ಅದು ದುಬಾರಿ ಮದ್ದು. ಅಗ್ಗದ ಮದ್ದೂ ಉಂಟು: ನೀರು ಕಡಿಮೆ ಬೆರೆಸಿದ ಗಟ್ಟಿ ಕಾಂಕ್ರೀಟು, ಸರಳಿನ ಮೇಲೆ ದಪ್ಪ ಹೊದಿಕೆ, ನೀರು ನಿಲ್ಲದ ಇಳಿಜಾರು.

ಹಳೆಯ ಸೇತುವೆಯನ್ನು ಕಳಚುವಾಗ ಅದರ ಭಾಗಗಳನ್ನು ಸಂಶೋಧಕರ ಅಧ್ಯಯನಕ್ಕೆ ತೆಗೆದಿಟ್ಟರು. ನಮ್ಮ ವೃತ್ತಿಯಲ್ಲಿ ಇದಕ್ಕೆ ಮರಣೋತ್ತರ ಪರೀಕ್ಷೆ ಎನ್ನುತ್ತಾರೆ.